ಸೀಗಡಿಗಳ ಸಾಕ್ಷಿ

ಸೀಗಡಿ ಬದುಕಿದೆಯೋ ಸತ್ತಿದೆಯೋ ಎಂದು ಹೇಳುವುದು ನೀವು ಅಂದುಕೊಂಡಷ್ಟು ಸುಲಭವಲ್ಲ. ಈ ವಿಷಯದಲ್ಲಿ ಮೀನು ಪ್ರಾಮಾಣಿಕ ಪ್ರಾಣಿ. ಸತ್ತರೆ ಹೊಟ್ಟೆ ಮೇಲೆ ಮಾಡಿಕೊಂಡು ತೇಲುತ್ತದೆ, ಮನೆಮಂದಿಗೆಲ್ಲ ತಿಳಿಯುತ್ತದೆ. ಸೀಗಡಿ ಬದುಕಿದ್ದಾಗಲೂ ಕಲ್ಲಿನ ಸಂದಿಯಲ್ಲಿ ಗಂಟೆಗಟ್ಟಲೆ ಅಲ್ಲಾಡದೆ ಕೂತಿರುತ್ತದೆ. ಸಾಲದ್ದಕ್ಕೆ, ಬೆಳೆಯುವಾಗಲೆಲ್ಲ ಮೈಮೇಲಿನ ಚಿಪ್ಪನ್ನು ಇಡಿಯಾಗಿ ಕಳಚಿಟ್ಟು ಹೋಗುತ್ತದೆ. ಮೀಸೆ, ಕಾಲು, ಬಾಲ ಎಲ್ಲವೂ ಇದ್ದು ಒಳಗೆ ಮಾತ್ರ ಯಾರೂ ಇಲ್ಲದ ಒಂದು ಸೀಗಡಿ. ಮೊದಲ ಸಲ ಅದನ್ನು ಕಂಡಾಗ ನಾನು ಚಮಚದಿಂದ ಎತ್ತಿ, ದಾಸವಾಳದ ಬುಡದಲ್ಲಿ ಮಣ್ಣು ಮಾಡಿ, ಕೈಕಾಲು ತೊಳೆದುಕೊಂಡು ಬಂದು ಸುಮ್ಮನೆ ಕೂತಿದ್ದೆ. ಸಂಜೆ ನನ್ನ ಹೆಂಡತಿ ಸುಮಾ ಗಾಜಿನ ತೊಟ್ಟಿಗೆ ಮೂಗು ತಾಗಿಸಿ ನೋಡಿ, "ರೀ, ಸತ್ತೈತೆ ಅಂದ್ರಲ್ಲ, ಇಲ್ಲೇ ಪಾಚಿ ಮೇಯಾಕತ್ತೈತೆ ನೋಡ್ರಿ. ನೀವು ಮಣ್ಣು ಮಾಡಿದ್ದು ಅದರ ಅಂಗಿ" ಎಂದಳು.

ನಾನು ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸಿ ನಿವೃತ್ತನಾದವನು. ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ ಎಂದು ಎಷ್ಟು ತರಗತಿಗಳಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಎಲ್ಲಿ ದೇಹವೋ ಅಲ್ಲಿ ಸಾವು ಎಂದು ತೀರ್ಮಾನಿಸಿದ್ದು ಆ ಅಭ್ಯಾಸದಿಂದಲೇ ಇರಬೇಕು. ಧಾರವಾಡದಲ್ಲಿ ಎಂ.ಎ. ಓದುವಾಗ ನಮ್ಮ ಗುರುಗಳು ಹೇಳುತ್ತಿದ್ದ ಒಂದು ಮಾತು ಈಗೀಗ ಮತ್ತೆ ಮತ್ತೆ ನೆನಪಾಗುತ್ತದೆ. ನಮ್ಮ ಹಳೆಯ ತಾರ್ಕಿಕರು ಕಣ್ಣಿಂದ ಕಂಡದ್ದನ್ನು ಪ್ರಮಾಣವೆಂದು ಒಪ್ಪಿದರು, ಊಹಿಸಿದ್ದನ್ನು ಒಪ್ಪಿದರು, ನಂಬಿಕಸ್ಥರ ಬಾಯಿಂದ ಬಂದ ಮಾತನ್ನೂ ಒಪ್ಪಿದರು. ನೆನಪನ್ನು ಮಾತ್ರ ಒಪ್ಪಲಿಲ್ಲ. ನೆನಪು ಹೊಸದೇನನ್ನೂ ತಿಳಿಸುವುದಿಲ್ಲ, ಹಳೆಯದನ್ನೇ ಮತ್ತೆ ಬಡಿಸುತ್ತದೆ, ಅದೂ ಹಳಸಿದ್ದನ್ನು. ಗುರುಗಳು ಹೀಗೆ ಹೇಳಿದ್ದರೆಂದು ನನಗೆ ಚೆನ್ನಾಗಿ ನೆನಪಿದೆ. ಆದರೆ ಇದೂ ನೆನಪೇ ಆದ್ದರಿಂದ ನೀವು ಒಪ್ಪಬೇಕಾಗಿಲ್ಲ.

ನನ್ನ ನೆನಪಿನ ಮೇಲೆ ನನಗೇ ಸಂಶಯ ಬಂದದ್ದು ಒಂದು ಸ್ಕೂಟರಿನಿಂದ. ಅಶೋಕ ರಸ್ತೆಯಲ್ಲಿ ತರಕಾರಿ ಕೊಂಡು ಹೊರಬಂದರೆ ಸ್ಕೂಟರ್ ಇಲ್ಲ. ರೈಲ್ವೆ ಗೇಟಿನವರೆಗೂ ಹುಡುಕಿದೆ, ಹಣ್ಣಿನ ಗಾಡಿಯವರನ್ನೆಲ್ಲ ವಿಚಾರಿಸಿದೆ, ಕೊನೆಗೆ ಮನೆಗೆ ಫೋನ್ ಮಾಡಿ ಕಳುವಾಯಿತೆಂದು ಹೇಳಿದೆ. ಸುಮಾ, "ರೀ, ಸ್ಕೂಟರ್ ಮನೆ ಮುಂದೇ ಐತೆ. ನೀವು ಬೆಳಿಗ್ಗೆ ನಡ್ಕೊಂಡು ಹೋದ್ರಿ" ಎಂದಳು. ನಕ್ಕಳು. ನಾನೂ ನಕ್ಕೆ. ಮನೆಗೆ ಬಂದು ಸ್ಕೂಟರಿನ ಸೀಟಿನ ಮೇಲೆ ಕೈಯಿಟ್ಟಾಗ ಮಾತ್ರ ಆ ನಗು ಉಳಿಯಲಿಲ್ಲ.

ಯಾಕೆಂದರೆ ನನ್ನ ಅಪ್ಪನಿಗೂ ಹೀಗೇ ಶುರುವಾಗಿತ್ತು. ಅಪ್ಪ ಹರಿಹರದಲ್ಲಿ ಗಣಿತದ ಮೇಷ್ಟ್ರು. ಮೊದಲು ಕೊಡೆ ಮರೆತರು, ಆಮೇಲೆ ದಾರಿ, ಆಮೇಲೆ ಮನುಷ್ಯರು. ಕೊನೆಯ ದಿನಗಳಲ್ಲಿ ಅವರ ಮಂಚದ ಪಕ್ಕ ಕೂತಿದ್ದಾಗ ಹದಿನೇಳರ ಮಗ್ಗಿಯನ್ನು ಒಂದು ತಪ್ಪಿಲ್ಲದೆ ಹೇಳಿ ಮುಗಿಸಿ, ನನ್ನ ಕಡೆ ತಿರುಗಿ, ಬಹಳ ಮರ್ಯಾದೆಯಿಂದ, "ತಾವು ಯಾರ ಪೈಕಿ?" ಎಂದು ಕೇಳಿದ್ದರು. ಆ ಮರ್ಯಾದೆಯನ್ನು ನಾನು ಇನ್ನೂ ಜೀರ್ಣಿಸಿಕೊಂಡಿಲ್ಲ.

ಡಾಕ್ಟರಿಗೆ ತೋರಿಸೋಣ ಎಂದು ಸುಮಾ ಹೇಳಿದಳು. ನಾನು ಮುಂದೂಡಿದೆ. ಎಲ್ಲವನ್ನೂ ಪರೀಕ್ಷಿಸಿ ನೋಡಬೇಕೆಂದು ಮೇಜು ಗುದ್ದಿ ಪಾಠ ಮಾಡಿದವನು ತನ್ನ ತಲೆಯನ್ನು ಪರೀಕ್ಷೆಗೆ ಕೊಡಲು ಹೆದರಿದ. ಅದೇ ದಿನಗಳಲ್ಲಿ ಸೀಗಡಿ ಬಂದವು.

ಸೀಗಡಿಯೇ ಯಾಕೆ ಎಂದು ಎಲ್ಲರೂ ಕೇಳಿದ್ದಾರೆ. ನಮ್ಮದು ತಿನ್ನುವವರ ಮನೆಯಲ್ಲ. ಎದುರು ಮನೆಯ ರುದ್ರಪ್ಪನವರಂತೂ, "ಏನ್ ಮೇಷ್ಟ್ರೇ, ಸಾರಿಗೆ ಹಾಕೋದು ಯಾವಾಗ? ನಾನು ರೊಟ್ಟಿ ತರ್ತೀನಿ" ಎಂದು ಕಂಡಾಗಲೆಲ್ಲ ಕಾಡುತ್ತಾರೆ. ಕಾರಣ ಒಂದು ಚಿತ್ರ. ಹರಿಹರದ ಹೊಳೆ. ಅಪ್ಪ ಮೊಣಕಾಲುಮಟ್ಟದ ನೀರಿನಲ್ಲಿ ನಿಂತು, ಹೆಗಲ ಮೇಲಿನ ಟವೆಲನ್ನು ನೀರೊಳಗೆ ಹರಡಿ, ನಿಧಾನವಾಗಿ ಎತ್ತುತ್ತಾರೆ. ನೀರೆಲ್ಲ ಸೋರಿಹೋಗಿ ಬಟ್ಟೆಯ ನಡುವೆ ಗಾಜಿನ ಚೂರುಗಳಂಥ ಪುಟ್ಟ ಸೀಗಡಿಗಳು ಚಿಮ್ಮುತ್ತವೆ. ಅಪ್ಪ ತೋರಿಸುತ್ತಾರೆ, ಮತ್ತೆ ಟವೆಲನ್ನು ಮುಳುಗಿಸಿ ಬಿಟ್ಟುಬಿಡುತ್ತಾರೆ. ನೋಡುವ ಸಂಭ್ರಮದಲ್ಲಿ ಪಾಚಿಗಟ್ಟಿದ ಮೆಟ್ಟಿಲಿನ ಮೇಲೆ ನನ್ನ ಕಾಲು ಜಾರುತ್ತದೆ, ಪಾದಕ್ಕೆ ನೀರು ತಣ್ಣಗೆ ತಾಗುತ್ತದೆ. ನನಗೆ ಇರುವ ಅತಿ ಹಳೆಯ ನೆನಪು ಇದು. ಉಳಿದವೆಲ್ಲ ಹೋದರೂ ಇದೊಂದು ಉಳಿದರೆ ಸಾಕು ಅನ್ನಿಸುತ್ತಿತ್ತು.

ಸಾಕುವ ಬಣ್ಣದ ಮೀನು ಮಾರುವ ಇಮ್ತಿಯಾಜ್ ಅವರ ಅಂಗಡಿ ದಾವಣಗೆರೆಯ ಹಳೇ ಊರಿನ ಕಡೆ ಇದೆ. ಅಲ್ಲಿ ಒಂದು ತೊಟ್ಟಿಯಲ್ಲಿ ಕುಂಕುಮದ ಬಣ್ಣದ ಚಿಕ್ಕ ಸೀಗಡಿಗಳನ್ನು ಕಂಡು ನಿಂತುಬಿಟ್ಟೆ. ಇಮ್ತಿಯಾಜ್ ಪ್ಲಾಸ್ಟಿಕ್ ಚೀಲಕ್ಕೆ ಗಾಳಿ ತುಂಬಿ ರಬ್ಬರ್ ಸುತ್ತುತ್ತ, "ಸಾರ್, ಇದು ಬಾಳ ನಾಜೂಕು ಐತೆ. ಮೀನಿನ ಔಷಧಿ ಗಿವಷಧಿ ಹಾಕಬ್ಯಾಡ್ರಿ. ಅದ್ರಾಗೆ ತಾಮ್ರ ಇರ್ತೈತೆ. ಹಾಕಿದ್ರಿ, ಖತಂ" ಎಂದರು.

"ತಾಮ್ರಕ್ಕೂ ಸೀಗಡಿಗೂ ಏನು ಜಗಳ?"

"ನಂಗೇನು ಗೊತ್ತು ಸಾರ್? ಕಾಲೇಜಿನೋರು ನೀವು. ಓದಿ ನಮಗೂ ಹೇಳ್ರಿ."

ಓದಿದೆ. ಓದಿದ್ದು ನನ್ನನ್ನು ಒಂದು ವಾರ ಬಿಡದೆ ಹಿಡಿಯಿತು. ನಮ್ಮ ರಕ್ತ ಉಸಿರನ್ನು ಹೊರುವುದು ಕಬ್ಬಿಣದ ಬಲದಿಂದ, ಅದಕ್ಕೇ ಕೆಂಪು. ಸೀಗಡಿಯ ರಕ್ತ ಅದೇ ಕೆಲಸವನ್ನು ತಾಮ್ರದಿಂದ ಮಾಡಿಸುತ್ತದೆ. ಅದಕ್ಕೇ ತುಸು ನೀಲಿ. ತಾಮ್ರವಿಲ್ಲದೆ ಅದು ಉಸಿರಾಡಲಾರದು. ಆದರೆ ನೀರಿನಲ್ಲಿ ಅದೇ ತಾಮ್ರ ಚೂರು ಹೆಚ್ಚಾದರೆ ಸಾಯುತ್ತದೆ. ತಾನು ಬದುಕಿರುವುದು ಯಾವುದರಿಂದಲೋ ಅದರ ಅಳತೆ ತಪ್ಪಿದರೆ ಅದರಿಂದಲೇ ಸಾಯುವುದು ಸೀಗಡಿಯ ಪಾಡು ಮಾತ್ರ ಅಲ್ಲವೆಂದು ನಿಮಗೂ ಗೊತ್ತು.

ಹರಿಹರದ ಹೊಳೆಯಿಂದ ತಂದ ನಾಲ್ಕು ಬೆಣಚುಕಲ್ಲು ಕುದಿಸಿ ಹಾಕಿದೆ. ಪಾಚಿ ಕಟ್ಟಿದ ಮರದ ತುಂಡು ಇಟ್ಟೆ. ನೀರಂತೂ ಹರಿಹರದ್ದೇ, ನಮ್ಮ ಬಡಾವಣೆಯ ನಲ್ಲಿಗೆ ಬರುವುದು ಆ ಕಡೆ ಹೊಳೆಯಿಂದ ಎತ್ತಿದ ನೀರು. ನೀರು ಬಿಡುವ ದಿನ ಬೀದಿಯೆಲ್ಲ ಎದ್ದು ಕೊಡ ಕೊಳಗ ತುಂಬುವಾಗ ನಾನೂ ಸೀಗಡಿಗಳ ಪಾಲಿನ ಬಕೆಟ್ ಹಿಡಿದು ನಿಲ್ಲುತ್ತಿದ್ದೆ. ಬ್ಲೀಚಿಂಗ್ ವಾಸನೆ ಹೋಗಲೆಂದು ಅದನ್ನು ಒಂದು ದಿನ ಬಾಲ್ಕನಿಯಲ್ಲಿ ತೆರೆದಿಟ್ಟು ಆಮೇಲೆ ತೊಟ್ಟಿಗೆ. ಈ ಸೇವೆಯ ನಡುವೆ ಎಲ್ಲೋ ನಾನು ಯಾರಿಗೂ ಹೇಳದೆ ಒಂದು ಪಣ ಕಟ್ಟಿಕೊಂಡೆ. ಇವು ನನ್ನ ಕೈಯಲ್ಲಿ ಬದುಕಿದರೆ ನನ್ನ ತಲೆ ನೆಟ್ಟಗಿದೆ, ಡಾಕ್ಟರು ಬೇಡ. ನನ್ನ ಮರೆವಿನಿಂದ ಸತ್ತರೆ, ಅಪ್ಪನ ದಾರಿಯೇ ನನ್ನ ದಾರಿ. ದೇವರಿಗೆ ಹರಕೆ ಹೊರುವವರನ್ನು ಕಂಡು ಜೀವಮಾನವಿಡೀ ತುಟಿ ಓರೆ ಮಾಡಿದವನು ಸೀಗಡಿಗೆ ಹರಕೆ ಹೊತ್ತೆ. ದೇವರಾದರೆ ಕೇಳಿಸಿಕೊಳ್ಳುವ ಸಂಭವವಾದರೂ ಇತ್ತು.

ಎರಡು ತಿಂಗಳು ಎಲ್ಲವೂ ಚೆನ್ನಾಗಿತ್ತು. ಆಗ ಅಕ್ಕ ಬಂದಳು.

ನನಗಿಂತ ಒಂಬತ್ತು ವರ್ಷ ದೊಡ್ಡವಳಾದ ಗೌರಕ್ಕ ಮಗ ಸೊಸೆಯೊಂದಿಗೆ ಹರಿಹರದಲ್ಲೇ ಇದ್ದಾಳೆ. ಕಣ್ಣಿನ ಪೊರೆ ತೆಗೆಸಲು ದಾವಣಗೆರೆಗೆ ಬಂದು, ಹನಿ ಹಾಕಿಸಿಕೊಂಡು ಒಂದು ತಿಂಗಳು ನಮ್ಮ ಮನೆಯಲ್ಲೇ ಉಳಿದಳು. ಅವ್ವ ಬೇಗ ಹೋಗಿದ್ದರಿಂದ ನನಗೆ ತುತ್ತಿಟ್ಟವಳು ಅವಳೇ. ಬರುವಾಗ ಎರಡು ಸೀರೆಯ ಚೀಲ, ಒಂದು ತಾಮ್ರದ ತಂಬಿಗೆ ತಂದಿದ್ದಳು. ಮಲಗುವ ಮುಂಚೆ ಅದರಲ್ಲಿ ನೀರು ತುಂಬಿಟ್ಟು ಬೆಳಿಗ್ಗೆ ಎದ್ದು ಕುಡಿಯುವುದು ಅವಳ ನೇಮ. ಅವಳಿಗೆ ಬೇರೆ ನೀರು ಇಳಿಯುವುದಿಲ್ಲ.

ಪಟ್ಟಿ ಬಿಚ್ಚಿದ ದಿನ ಕಪ್ಪು ಕನ್ನಡಕ ಹಾಕಿಕೊಂಡು ಮನೆಗೆ ಬಂದವಳು ನಡುಮನೆಗೆ ಕಾಲಿಟ್ಟವಳೇ ತೊಟ್ಟಿಯ ಮುಂದೆ ನಿಂತಳು. ಕನ್ನಡಕವನ್ನು ಚೂರು ಮೇಲೆತ್ತಿದಳು.

"ಎಷ್ಟು ಕೆಂಪದಾವೋ ತಮ್ಮಾ! ನಂಗೆ ಕೆಂಪಂದ್ರೆ ಹಿಂಗಿರ್ತೈತೆ ಅನ್ನೋದೇ ಮರ್ತು ಹೋಗಿತ್ತು."

ಅಂದಿನಿಂದ ಅವಳ ಕುರ್ಚಿ ಅಲ್ಲೇ. ಬಗ್ಗಬಾರದು, ಧೂಳಿಗೆ ಹೋಗಬಾರದು, ಒಲೆಯ ಮುಂದೆ ನಿಲ್ಲಬಾರದು ಎಂದು ಆಸ್ಪತ್ರೆಯವರು ಹೇಳಿದ್ದರಿಂದ ಅವಳಿಗೆ ಬೇರೆ ಕೆಲಸವೂ ಇರಲಿಲ್ಲ. ಒಂದು ಸೀಗಡಿಯ ಹೊಟ್ಟೆಯಡಿ ರಾಗಿಕಾಳಿನಂಥ ಮೊಟ್ಟೆಗಳಿದ್ದದ್ದನ್ನು ಮೊದಲು ಕಂಡವಳು ಅವಳೇ. ಅದು ಸಣ್ಣ ಕಾಲುಗಳಿಂದ ಮೊಟ್ಟೆಗಳಿಗೆ ಗಾಳಿ ಬೀಸುತ್ತಲೇ ಇರುತ್ತದೆ. "ಬಸುರಿ ಐತೆ ಇದು. ಬೆನ್ನು ನೋವಂತೆ ಪಾಪ, ಹೆಂಗೆ ಒರಗೈತೆ ನೋಡು ಸುಮಾ" ಎಂದು ಗಾಜಿನಾಚೆಯ ಸುದ್ದಿಯನ್ನು ಅಡಿಗೆಮನೆಗೆ ಮುಟ್ಟಿಸುತ್ತಿದ್ದಳು.

ಒಂದು ಮಧ್ಯಾಹ್ನ ಅವಳಿಗೆ ನನ್ನ ಹೊಳೆಯ ಚಿತ್ರ ಹೇಳಿದೆ, ಅಪ್ಪನ ಟವೆಲು, ಪಾಚಿಯ ಮೆಟ್ಟಿಲು ಎಲ್ಲ. ಅವಳು ಸಮಾಧಾನವಾಗಿ ಕೇಳಿಸಿಕೊಂಡು, "ಸುಳ್ಳು ಹೇಳಬ್ಯಾಡ" ಎಂದಳು.

"ಸುಳ್ಳಲ್ಲ ಅಕ್ಕಾ, ನನಗೆ ನಿನ್ನೆ ಮೊನ್ನೆ ಆದಂಗೈತೆ."

"ನೀನಿನ್ನೂ ತೊಟ್ಲಾಗಿದ್ದಿ. ಅಪ್ಪನ ಕೂಡ ಹೋದೋಳು ನಾನು. ನಿಂಗೆ ಉಣ್ಣಿಸೋವಾಗ ಅದನ್ನ ಕತಿ ಮಾಡಿ ಹೇಳ್ತಿದ್ದೆ. ಬಾಯಿ ತೆರೀತಿರಲಿಲ್ಲ ನೀನು. ಒಂದು ತುತ್ತಿಗೆ ಒಂದು ಸೀಗಡಿ ಹೇಳಬೇಕಿತ್ತು."

"ಕಾಲು ಜಾರಿದ್ದು?"

ಅವಳು ಸೀರೆಯನ್ನು ಮೊಣಕಾಲಿನ ಹತ್ತಿರ ಚೂರು ಸರಿಸಿದಳು. ಚಕ್ಕುಲಿಯ ತುಂಡಿನಂಥ ಒಂದು ಹಳೆಯ ಕಲೆ. "ಇದೇನು ಮತ್ತೆ? ಜಾರಿದ್ದು ನನ್ನ ಕಾಲು. ಹೊಲಿಗಿ ಹಾಕ್ಸಿದ್ರು."

ಪ್ರತ್ಯಕ್ಷ ಪ್ರಮಾಣದ ಮುಂದೆ ಮಾತಿಲ್ಲ. ಹಾಗಾದರೆ ನನ್ನ ಅತಿ ಹಳೆಯ ನೆನಪು ನನ್ನದಲ್ಲ, ತುತ್ತಿನ ಜೊತೆ ನುಂಗಿದ್ದು. ನಾನು ಚಿಪ್ಪನ್ನು ಜೀವವೆಂದು ತಿಳಿದು ಇಷ್ಟು ಕಾಲ ಕಾಪಾಡಿಕೊಂಡು ಬಂದಿದ್ದೆ. ಆ ದಿನ ರಾತ್ರಿಯ ಊಟ ರುಚಿಸಲಿಲ್ಲ. ತಮಾಷೆಯಾಗಿ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ಬುಡದ ಇಟ್ಟಿಗೆಯನ್ನೇ ಯಾರೋ ಎಳೆದಂತಾಗಿತ್ತು.

ಅದೇ ವಾರ ಸೀಗಡಿಗಳು ಸಾಯತೊಡಗಿದವು. ಈ ಸಲ ಅಂಗಿಯಲ್ಲ. ಸತ್ತ ಸೀಗಡಿಯ ಮೈ ಬೇಯಿಸಿದಂತೆ ಮಸುಕಾಗುತ್ತದೆ. ಒಮ್ಮೆ ಕಂಡರೆ ಮತ್ತೆ ಸಂಶಯವಿರುವುದಿಲ್ಲ. ಬೆಳಿಗ್ಗೆ ಒಂದು, ನಡುವೆ ಒಂದು ದಿನ ಬಿಟ್ಟು ಮತ್ತೊಂದು. ತೊಟ್ಟಿಯಲ್ಲಿ ಏನು ಬದಲಾಗಿದೆ ಎಂದು ಯೋಚಿಸಿದರೆ ನನ್ನ ಕಣ್ಣಿಗೆ ಕಂಡದ್ದು ಒಂದೇ, ನಾನು. ತಿನಿಸು ಹೆಚ್ಚಾದರೆ ನೀರು ಕೆಡುತ್ತದೆ, ನೀರು ಕೆಟ್ಟರೆ ಅವು ಸಾಯುತ್ತವೆ. ಹಾಕಿದ್ದನ್ನು ಮರೆತು ಮತ್ತೆ ಹಾಕುತ್ತಿದ್ದೇನೆಯೇ?

ಪರೀಕ್ಷಿಸಲು ಉಪಾಯ ಹೂಡಿದೆ. ತಿನಿಸು ಹಾಕಿದ ಮೇಲೆ ಡಬ್ಬಿಯನ್ನು ಕಪಾಟಿನ ಎಡದಿಂದ ಬಲಕ್ಕೆ ಇಡುವುದು, ಮಲಗುವ ಮುಂಚೆ ಮತ್ತೆ ಎಡಕ್ಕೆ. ಮರುದಿನ ಡಬ್ಬಿ ಬಲಕ್ಕಿತ್ತು. ಇದು ಇವತ್ತು ಹಾಕಿದ್ದರ ಗುರುತೋ, ನಿನ್ನೆ ಹಾಕಿ ವಾಪಸ್ ಇಡಲು ಮರೆತದ್ದರ ಗುರುತೋ? ಡಬ್ಬಿ ಬಿಟ್ಟು ಕೈಗಡಿಯಾರ ಹಿಡಿದೆ: ಹಾಕಿದ ಮೇಲೆ ಗಡಿಯಾರ ಬಲಗೈಗೆ. ಮಧ್ಯಾಹ್ನ ರುದ್ರಪ್ಪನವರು, "ಏನ್ ಮೇಷ್ಟ್ರೇ, ಎಡಗೈ ನೋವೇನ್ರಿ?" ಎಂದು ಕೇಳಿದಾಗ ಗಡಿಯಾರ ಯಾಕೆ ಬಲಗೈಯಲ್ಲಿದೆ ಎಂಬುದೇ ನನಗೆ ಒಂದು ಕ್ಷಣ ಹೊಳೆಯಲಿಲ್ಲ. ನೆನಪನ್ನು ಕಾಯಲು ಇಟ್ಟ ಕಾವಲುಗಾರನನ್ನು ಕಾಯಲು ಇನ್ನೊಬ್ಬ ಬೇಕಾಗುತ್ತಿದ್ದ.

ಸುಮಾ ಎಲ್ಲವನ್ನೂ ನೋಡುತ್ತಿದ್ದಳು. ಒಮ್ಮೆ ನನ್ನ ಕೈಯಿಂದ ಡಬ್ಬಿ ತೆಗೆದುಕೊಂಡು, "ಇವತ್ತಿನಿಂದ ನಾನು ಹಾಕ್ತೀನಿ ಬಿಡ್ರಿ" ಎಂದಳು. ಅವಳ ದನಿ ಎಷ್ಟು ಮೆದುವಾಗಿತ್ತೆಂದರೆ ನನಗೆ ಅಪ್ಪನ "ತಾವು ಯಾರ ಪೈಕಿ" ನೆನಪಾಯಿತು.

ಸುಮಾ ಹಾಕತೊಡಗಿದ ಮೇಲೂ ಒಂದು ಸತ್ತಿತು. ಆ ಸಾವಿನಿಂದ ನನಗೆ ದುಃಖವಾಗಬೇಕಿತ್ತು. ನಿಜ ಹೇಳುತ್ತೇನೆ, ಒಂದು ಚಿಗುರಿನಷ್ಟು ಆಸೆ ಹುಟ್ಟಿತು.

ಮರುದಿನ ಬೆಳಿಗ್ಗೆ ಪೇಪರ್ ಓದುತ್ತ ಕೂತಿದ್ದೆ. ಅಕ್ಕ ಎದ್ದು ಬಂದು, ತಂಬಿಗೆಯಿಂದ ಲೋಟಕ್ಕೆ ಬಗ್ಗಿಸಿಕೊಂಡು ಕುಡಿದಳು. ತಂಬಿಗೆಯಲ್ಲಿ ಇನ್ನೂ ನೀರಿತ್ತು. ಅವಳು ಕುರ್ಚಿಯ ಹಿಡಿ ಹಿಡಿದುಕೊಂಡು ತೊಟ್ಟಿಯ ಹತ್ತಿರ ಹೋಗಿ, ಒಂದು ಕೈಯಿಂದ ಮುಚ್ಚಳ ಸರಿಸಿ, ಇನ್ನೊಂದು ಕೈಯಿಂದ ಉಳಿದ ನೀರನ್ನು ಸಣ್ಣ ಧಾರೆಯಾಗಿ ಒಳಗೆ ಬಿಟ್ಟಳು. ಅಭಿಷೇಕ ಮಾಡಿದಷ್ಟು ನಿಧಾನ. ಕೊನೆಯ ಹನಿ ಬಿದ್ದ ಮೇಲೆ ಒದ್ದೆ ಬೆರಳನ್ನು ಕಣ್ಣಿಗೆ ಒತ್ತಿಕೊಳ್ಳಲು ಹೋದವಳು, ಆಪರೇಷನ್ ನೆನಪಾಗಿ, ಹಣೆಗೆ ಒತ್ತಿಕೊಂಡಳು.

ನಾನು ಪೇಪರಿನ ಹಿಂದೆಯೇ ಉಳಿದೆ.

ನಮ್ಮ ಕಡೆ ತಂಬಿಗೆಯಲ್ಲಿ ಉಳಿದ ನೀರನ್ನು ಬಚ್ಚಲಿಗೆ ಚೆಲ್ಲುವುದಿಲ್ಲ, ಅದು ತುಳಸಿಗೆ. ಹರಿಹರದ ಮನೆಯಲ್ಲಿ ಅಕ್ಕ ಮದುವೆಯಾದಂದಿನಿಂದ ಹಾಗೇ ಮಾಡಿದ್ದಾಳೆ. ನಮ್ಮ ಮನೆಯ ತುಳಸಿ ಇರುವುದು ಅಂಗಳದಲ್ಲಿ, ಬಿಸಿಲು ಧೂಳಿನಲ್ಲಿ, ಮೂರು ಮೆಟ್ಟಿಲು ಇಳಿದು. ಅಕ್ಕ ಇಳಿಯುವಂತಿಲ್ಲ. ಚೆಲ್ಲುವಂತೆಯೂ ಇಲ್ಲ. ಮನೆಯೊಳಗೆ ನೀರು ಬಯಸುವ ಜೀವ ಎಂದು ಅವಳ ಹೊಸ ಕಣ್ಣಿಗೆ ಕಂಡದ್ದು ಇವು. ತೊಟ್ಟಿಯ ನೀರು ದಿನಾ ಚೂರು ಚೂರು ಆವಿಯಾಗಿ ಹೋಗುತ್ತದೆ, ತಾಮ್ರ ಎಲ್ಲಿಗೂ ಹೋಗುವುದಿಲ್ಲ. ಅದರ ಮೇಲೆ ಮರುದಿನದ ತಂಬಿಗೆ. ನನಗೆ ಕಾಣಬೇಕಾಗಿದ್ದ ಹೊಗೆಯೆಲ್ಲ ಕಣ್ಣಮುಂದೆಯೇ ಇತ್ತು. ನಾನು ಬೆಂಕಿಯನ್ನು ನನ್ನ ತಲೆಯೊಳಗೇ ಹುಡುಕುತ್ತಿದ್ದೆ.

ಹಿತ್ತಲಿಗೆ ಸುಮಾಳನ್ನು ಕರೆದು ಹೇಳಿದೆ. ನನಗೆ ಕುಣಿಯುವಷ್ಟು ಹಗುರಾಗಿತ್ತು. "ನಾನಲ್ಲ ಸುಮಾ, ನಾನಲ್ಲ!"

ಅವಳು ಬಟ್ಟೆ ಹಿಂಡುತ್ತಿದ್ದವಳು ನಿಲ್ಲಿಸಿ ನನ್ನ ಮುಖ ನೋಡಿದಳು. ಅವಳ ಮುಖದಲ್ಲೂ ಏನೋ ಸಡಿಲವಾಯಿತು. ಆಮೇಲೆ, "ಮತ್ತೆ ಅಕ್ಕಾಗೆ ಏನಂತ ಹೇಳ್ತೀರಿ?" ಎಂದಳು.

"ಇದ್ದದ್ದು ಇದ್ದಂಗೆ."

"ಹೇಳ್ರಿ. ದಿನಾ ಬೆಳಿಗ್ಗೆ ಎದ್ದು ಇವನ್ನ ನೋಡಿನೇ ಚಾ ಕುಡಿಯೋದು ಅವರು. ನಿಮ್ಮ ಕೈಯಿಂದಾನೇ ಸತ್ವು ಅಂತ ಹೇಳ್ರಿ, ನೋಡೋಣ."

ಸತ್ಯವನ್ನು ಮುಚ್ಚಬಾರದೆಂದು ನಾನು ಕಲಿಸಿದ್ದೇನೆ. ಯಾರ ಮುಂದೆ ಬಿಚ್ಚಬೇಕು ಎಂದು ಪಠ್ಯದಲ್ಲಿ ಇರಲಿಲ್ಲ. ಒಳಗೆ ಹೋದೆ. ಅಕ್ಕ ಕುರ್ಚಿಯಲ್ಲಿ ಕೂತು ಸೀಗಡಿಗಳನ್ನು ಬೆರಳಿನಿಂದ ಎಣಿಸುತ್ತಿದ್ದಳು.

"ಯಾಕೋ ತಮ್ಮಾ, ಕಮ್ಮಿ ಆಗಾಕತ್ತಾವೆ? ಯಾರ ದೃಷ್ಟಿ ತಾಕೈತೆ?"

ನಾನು ಹೇಳಿಬಿಟ್ಟೆ: "ದೃಷ್ಟಿ ಗಿಷ್ಟಿ ಏನಿಲ್ಲ ಅಕ್ಕಾ. ನಂದೇ ತಪ್ಪು. ಊಟ ಹಾಕಿದ್ದು ಮರ್ತು ಮತ್ತೆ ಹಾಕಿಬಿಟ್ಟಿದ್ದೀನಿ. ನೀರು ಕೆಟ್ಟೈತೆ." ನಂಬಲೆಂದು ವಿವರಗಳನ್ನೂ ಸೇರಿಸಿದೆ. ಮೊದಲು ಟಿ.ವಿ.ಯಲ್ಲಿ ಸುದ್ದಿ ಬರುತ್ತಿದ್ದಾಗ ಹಾಕಿದ್ದು, ಆಮೇಲೆ ಹಾಲಿನವನು ಬಂದು ಹೋದ ಮೇಲೆ ಹಾಕಿದ್ದು, ಡಬ್ಬಿಯ ಮುಚ್ಚಳ ಜಾರಿ ಒಂದು ಹಿಡಿ ಒಮ್ಮೆಲೇ ಬಿದ್ದದ್ದು.

ಅವಳಿಗೆ ಸಮಾಧಾನವಾಗುತ್ತದೆಂದು ಎಣಿಸಿದ್ದೆ. ಅವಳ ಮುಖ ಸೋತಿತು. ಕನ್ನಡಕ ತೆಗೆದು, ಆ ಹೊಸ ಕಣ್ಣಿಂದ ನನ್ನನ್ನು ಬಹಳ ಹೊತ್ತು ನೋಡಿದಳು.

"ಅಪ್ಪನಂಗೆ ಆಗಬ್ಯಾಡಪ್ಪ ನೀನು" ಎಂದಳು.

ಆ ಲೆಕ್ಕ ನನಗೆ ಹೊಳೆದಿರಲಿಲ್ಲ. ಅವಳ ಒಂದು ಭಾರ ಇಳಿಸಲು ಹೋಗಿ ಇನ್ನೂ ದೊಡ್ಡದನ್ನು ಹೊರಿಸಿದ್ದೆ. ಅಪ್ಪನನ್ನು ಕೊನೆಯವರೆಗೆ ನೋಡಿಕೊಂಡವಳು ಅವಳು. ನಾನು ಶನಿವಾರ ಭಾನುವಾರ ಹೋಗಿ ಬರುತ್ತಿದ್ದವನು. ಈಗ ನಿಜ ಹೇಳಿದರೆ ಅವಳು ನಂಬುವಂತೆಯೂ ಇರಲಿಲ್ಲ. "ನಾಳೇನೇ ಡಾಕ್ಟರ್ ಹತ್ರ ಹೋಗು. ಇಲ್ಲಾಂದ್ರೆ ನಾನು ಹನಿ ಹಾಕ್ಕೊಳ್ಳಂಗಿಲ್ಲ" ಎಂದು ಹಟ ಹಿಡಿದಳು. ಪಣದಲ್ಲಿ ಗೆದ್ದವನು ಸೋತವನ ಶಿಕ್ಷೆ ಅನುಭವಿಸಲು ಹೊರಟೆ.

ಹೊರಡುವ ಮುಂಚೆ ಒಂದು ಕೆಲಸ ಮಾಡಿದೆ. ಅಂಗಳದ ತುಳಸಿಯಿಂದ ಒಂದು ಸಸಿ ಕಿತ್ತು, ಕುಂಡದಲ್ಲಿ ನೆಟ್ಟು, ಅಕ್ಕನ ಕುರ್ಚಿಯ ಪಕ್ಕದ ಕಿಟಕಿಯಲ್ಲಿಟ್ಟೆ. "ಒಳಗೂ ಒಂದು ಇರ್ಲಿ ಅಕ್ಕಾ. ನೀರು ಹಾಕೋದು ನಿಂದು" ಎಂದೆ. ಅವಳು ತಲೆಯಾಡಿಸಿದಳು. ಮರುದಿನ ತಂಬಿಗೆಯ ನೀರು ಕುಂಡಕ್ಕೆ ಹೋಯಿತು. ತೊಟ್ಟಿಯ ನೀರನ್ನು ನಾನು ದಿನಕ್ಕೆ ಚೊಂಬು ಚೊಂಬಾಗಿ ಬದಲಾಯಿಸಿದೆ. ಒಮ್ಮೆಲೇ ಬದಲಾಯಿಸಿದರೆ ಆ ಒಳ್ಳೆಯ ನೀರನ್ನೂ ಅವು ತಡೆದುಕೊಳ್ಳುವುದಿಲ್ಲ.

ಡಾಕ್ಟರು ನನ್ನ ವಿದ್ಯಾರ್ಥಿನಿಯ ವಯಸ್ಸಿನ ಹೆಣ್ಣುಮಗಳು. ಗಡಿಯಾರದ ಚಿತ್ರ ಬರೆಸಿದರು. ನೂರರಿಂದ ಹಿಂದಕ್ಕೆ ಏಳೇಳು ಕಳೆಸಿದರು. ಅಪ್ಪ ಇದ್ದಿದ್ದರೆ ಸಂತೋಷಪಡುತ್ತಿದ್ದರು. ಮಾವಿನಹಣ್ಣು, ಬಾಗಿಲು, ಕುದುರೆ ಎಂದು ಮೂರು ಮಾತು ಹೇಳಿ, ಬೇರೇನೋ ಮಾತಾಡಿ, ಆಮೇಲೆ ಕೇಳಿದರು. ನಾನು ಮಾವಿನಹಣ್ಣು, ಬಾಗಿಲು, ಕುದುರೆ, ಸೀಗಡಿ ಎಂದೆ.

"ಸೀಗಡಿ ನಾನು ಹೇಳಿಲ್ಲ ಸಾರ್" ಎಂದು ನಕ್ಕರು. "ಹೇಳಿದ್ದು ಬಿಟ್ಟುಹೋದರೆ ಚಿಂತೆ ಮಾಡ್ತೀವಿ. ಹೇಳದೇ ಇದ್ದದ್ದು ಸೇರಿಕೊಂಡರೆ ಏನು ಬರೀಬೇಕೋ ನನಗೂ ಗೊತ್ತಿಲ್ಲ." ವಯಸ್ಸಿಗೆ ತಕ್ಕ ಮರೆವು, ಸದ್ಯಕ್ಕೆ ಗಾಬರಿ ಬೇಡ, ಆರು ತಿಂಗಳಿಗೆ ಮತ್ತೆ ಬನ್ನಿ ಎಂದರು. ಸದ್ಯಕ್ಕೆ ಎಂಬ ಮಾತನ್ನು ನಾನು ಗಮನಿಸದೆ ಬಿಡುವವನಲ್ಲ. ಆದರೂ ಹಗುರಾಗಿ ಮನೆಗೆ ಬಂದೆ. ಈ ಸಲ ಸ್ಕೂಟರ್ ಮೇಲೆಯೇ ಹೋಗಿದ್ದೆ, ಸ್ಕೂಟರ್ ಮೇಲೆಯೇ ಬಂದೆ.

ವಿಚಿತ್ರ ಇನ್ನೊಂದಿದೆ. ಅಕ್ಕನಿಗೆ ಹೇಳಿದ ಆ ಸುಳ್ಳನ್ನು ಅವಳು ಹರಿಹರದ ಮಗ ಸೊಸೆಗೆ ಫೋನಿನಲ್ಲಿ ಹೇಳಿದಳು, ಅವರು ನನ್ನನ್ನು ಕೇಳಿದರು, ನಾನು ಮತ್ತೆ ಹೇಳಿದೆ. ಹೇಳಿ ಹೇಳಿ ಈಗ ನನಗೆ ಅದು ಕಾಣುತ್ತದೆ. ಟಿ.ವಿ.ಯ ಸುದ್ದಿ, ಹಾಲಿನವನ ಗಂಟೆ, ಕೈಜಾರಿದ ಮುಚ್ಚಳ, ನೀರಿನ ಮೇಲೆ ಹರಡಿದ ಹಸಿರು ಪುಡಿ. ನಾನೇ ಕಟ್ಟಿದ್ದು ಎಂದು ಗೊತ್ತಿದ್ದೂ, ಹೊಳೆಯ ಚಿತ್ರದಷ್ಟೇ ನಿಚ್ಚಳ. ಎಲ್ಲೋ ಒಂದು ಮೂಲೆಯಲ್ಲಿ, ನಿಜವಾಗಿಯೂ ಒಮ್ಮೆ ಹಾಗೆ ಆಗಿತ್ತೇನೋ ಎಂಬ ಅನುಮಾನವೂ ತಲೆಯೆತ್ತುತ್ತದೆ.

ತಿಂಗಳು ಮುಗಿದ ಮೇಲೆ ಅಕ್ಕನನ್ನು ಗೊತ್ತಿನ ಆಟೋದಲ್ಲಿ ಹರಿಹರಕ್ಕೆ ಕರೆದೊಯ್ದೆ. ಸೇತುವೆ ಇನ್ನೂ ದೂರವಿರುವಾಗಲೇ, "ಹೊಳಿ ನೋಡಬೇಕು ತಮ್ಮಾ, ಹೊಸಾ ಕಣ್ಣಾಗೆ" ಎಂದಳು. ಆಟೋ ನಿಲ್ಲಿಸಿ, ಕೈಹಿಡಿದು ದಡಕ್ಕೆ ಇಳಿಸಿದೆ. ಮಳೆಗಾಲ ಮುಗಿದು ನೀರು ತಿಳಿಯಾಗಿತ್ತು. ಮೆಟ್ಟಿಲಿನ ಪಾಚಿ ಕಂಡು ಇಬ್ಬರೂ ಒಣಗಿದ್ದ ಮೇಲಿನ ಮೆಟ್ಟಿಲಿನಲ್ಲೇ ಕೂತೆವು. ತಾಮ್ರದ ತಂಬಿಗೆ ಅವಳ ಮಡಿಲಲ್ಲಿತ್ತು.

ಬಹಳ ಹೊತ್ತು ನೀರು ನೋಡಿ ಅವಳು ಮಾತಾಡಿದಳು. "ತುಳಸಿ ಒಳಗೆ ಬಂದ ಮ್ಯಾಲೆ ಒಂದೂ ಸಾಯ್ಲಿಲ್ಲ ನೋಡು."

"ಊಟ ಕಮ್ಮಿ ಮಾಡಿದೆ ಅಕ್ಕಾ. ಅದಕ್ಕೇ."

"ಹೌದೇಳು" ಎಂದಳು. ತಂಬಿಗೆಯ ಅಂಚಿನ ಮೇಲೆ ಅವಳ ಹೆಬ್ಬೆರಳು ಸುತ್ತ ಸುತ್ತ ಓಡಾಡಿತು. ನನ್ನ ಕಡೆ ತಿರುಗಲಿಲ್ಲ. "ಡಾಕ್ಟರು ಏನೂ ಇಲ್ಲ ಅಂದ್ರಲ್ಲ, ಅಷ್ಟು ಸಾಕು."

ಆಮೇಲೆ, ಏನೋ ಈಗಷ್ಟೇ ಹೊಳೆದವಳಂತೆ ಹೇಳಿದಳು: "ಅವತ್ತು ನೀನೂ ಇದ್ದಿ ಕಣೋ."

"ಯಾವತ್ತು?"

"ಅಪ್ಪ ಟವೆಲಾಗೆ ಸೀಗಡಿ ಹಿಡಿದ ದಿನ. ನನ್ನ ಸೊಂಟದ ಮ್ಯಾಲೆ ಇದ್ದಿ. ನಾನು ಜಾರಿ ಕುಂತಾಗ ನಿನ್ನ ಕಾಲು ನೀರಿಗೆ ತಾಗ್ತು. ತಣ್ಣಗಾಗಿ ಚಿಟ್ಟನೆ ಚೀರಿದಿ. ನಂಗೇ ಮರ್ತು ಹೋಗಿತ್ತು ನೋಡು."

ಒಬ್ಬ ಸಂದೇಹವಾದಿ ಇಲ್ಲಿ ಕೇಳಬೇಕಾದ ಪ್ರಶ್ನೆಗಳು ನನಗೆ ಗೊತ್ತಿಲ್ಲದೆ ಇಲ್ಲ. ತೊಟ್ಟಿಲಲ್ಲಿದ್ದ ಮಗು ಸೊಂಟಕ್ಕೆ ಯಾವಾಗ ಬಂತು? ಇಷ್ಟು ವರ್ಷ ಇಲ್ಲದ ನೆನಪು ಈ ಮೆಟ್ಟಿಲಿನ ಮೇಲೆ, ತುಳಸಿಯ ಮಾತು ಮುಗಿದ ಮರುಗಳಿಗೆಯಲ್ಲಿ ಯಾಕೆ ಬಂತು? ನಂಬಿಸಲು ವಿವರ ಸೇರಿಸುವ ಕೈಕೆಲಸ ನನಗೂ ಈಗ ಚೆನ್ನಾಗಿ ಗೊತ್ತಲ್ಲ. ನಾನು ಏನನ್ನೂ ಕೇಳಲಿಲ್ಲ. ಚಪ್ಪಲಿ ಬಿಟ್ಟು, ಅಕ್ಕ "ಜಾರೀಯ, ಜೋಕೆ ಕಣೋ" ಎಂದು ಗದರುತ್ತಿದ್ದಂತೆ, ಎರಡು ಮೆಟ್ಟಿಲು ಇಳಿದು ಪಾದವನ್ನು ನೀರಿಗೆ ಇಟ್ಟೆ. ಅಷ್ಟೇ ತಣ್ಣಗಿತ್ತು.

ಮನೆಯ ತೊಟ್ಟಿಯಲ್ಲಿ ಆ ಬಸುರಿ ಸೀಗಡಿ ಉಳಿದುಕೊಂಡಿತು. ಈಗ ಪಾಚಿಯ ನಡುವೆ ಎಳ್ಳಿನಷ್ಟು ಮರಿಗಳಿವೆ. ಬಣ್ಣ ಇನ್ನೂ ಬಂದಿಲ್ಲ, ಗಾಜಿನಂತಿವೆ, ಅವು ಅಲ್ಲಾಡಿದಾಗ ಮಾತ್ರ ಇವೆ ಎಂದು ತಿಳಿಯುತ್ತದೆ. ಅಕ್ಕ ಫೋನ್ ಮಾಡಿ ಎಷ್ಟು ಎಂದು ಕೇಳುತ್ತಾಳೆ. ನಾನು ಎಣಿಸಿದಷ್ಟು ಸಲವೂ ಬೇರೆ ಬೇರೆ ಲೆಕ್ಕ ಬರುತ್ತದೆ, ಯಾವುದೋ ಒಂದನ್ನು ಹೇಳುತ್ತೇನೆ, ಅವಳು ಒಪ್ಪುತ್ತಾಳೆ. ಹಳೆಯ ತಾರ್ಕಿಕರು ನೆನಪನ್ನು ಪ್ರಮಾಣವೆಂದು ಒಪ್ಪಲಿಲ್ಲ ಎಂದೆನಲ್ಲ. ಆದರೆ ನಂಬಿಕಸ್ಥರ ಮಾತನ್ನು ಒಪ್ಪಿದ್ದರು. ಹಾಗಾಗಿ ಆ ದಿನ ನಾನು ಹೊಳೆಯಲ್ಲಿದ್ದದ್ದು ನನಗೆ ನೆನಪಿದೆ ಎಂದು ಇನ್ನು ಮುಂದೆ ಯಾರಿಗೂ ಹೇಳುವುದಿಲ್ಲ. ಅಕ್ಕ ಹೇಳಿದ್ದಾಳೆ ಎನ್ನುತ್ತೇನೆ.